ಬೆಂಕಿಯಿಂದ ತಣ್ಣಗಾಗುವ ಪೆಟ್ಟಿಗೆ

ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆಯೊಂದಿದೆ ಎಂದರೆ ಮೊದಲ ಸಲ ಕೇಳಿದವರು ನಗುತ್ತಾರೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊತ್ತು ಓಡುವ ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಇಂಥ ಫ್ರಿಜ್ ದಶಕಗಳಿಂದ ಇದೆ. ಕರೆಂಟ್ ಸಿಕ್ಕಲ್ಲಿ ಕರೆಂಟ್, ಸಿಗದಲ್ಲಿ ಪ್ರೊಪೇನ್ ಅನಿಲದ ಪುಟ್ಟ ಜ್ವಾಲೆ. ಕಂಪ್ರೆಸರ್ ಇಲ್ಲ, ಹಾಗಾಗಿ ಗುರ್ ಎನ್ನುವ ಸದ್ದೂ ಇಲ್ಲ. ಆ ಮೌನ ಹಿತವೇನೋ ಹೌದು, ಆದರೆ ಫ್ರಿಜ್ ಕೆಟ್ಟದ್ದೂ ಅಷ್ಟೇ ಮೌನವಾಗಿ ಕೆಟ್ಟಿರುತ್ತದೆ.

ಬಾಡಿಗೆಗೆ ತಂದ ಹಳೆಯ ಗಾಡಿಯಲ್ಲಿ ನಮಗದು ಗೊತ್ತಾದದ್ದು ಯೂಟಾದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ, ಜೂನ್ ತಿಂಗಳ ಒಂದು ಬೆಳಿಗ್ಗೆ. ಒಳಗಿನ ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು. ಮೊಸರು ಹುಳಿಯಾದರೆ ಮಜ್ಜಿಗೆಹುಳಿ ಮಾಡಬಹುದು. ಆದರೆ ಅದರ ಪಕ್ಕದಲ್ಲೇ ಅಮ್ಮ ಊರಿಂದ ತಂದ ಇನ್ಸುಲಿನ್ ಪೆನ್ನುಗಳಿದ್ದವು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಅಲ್ಲಿಯ ಮಧ್ಯಾಹ್ನದ ಬಿಸಿಲು 38 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಶಿಬಿರದಲ್ಲಿ ಕರೆಂಟ್ ಇಲ್ಲ, ಮೋಆಬ್ ಪಟ್ಟಣ 30 ಕಿಲೋಮೀಟರಿಗೂ ಹೆಚ್ಚು ದೂರ.

ಅಮ್ಮ ಗಾಬರಿಯಾಗಲಿಲ್ಲ. ಪೆನ್ನುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಗೆ ಒದ್ದೆ ಪಂಚೆ ಸುತ್ತಿ, ಗಾಳಿಯಾಡುವ ನೆರಳಿನಲ್ಲಿಟ್ಟರು. ಆ ಒಣ ಗಾಳಿಗೆ ಬಟ್ಟೆ ಆರುತ್ತಲೇ ಇತ್ತು, ಅವರು ನೀರು ಚಿಮುಕಿಸುತ್ತಲೇ ಇದ್ದರು.

ನಾನು ಒಂದೊಂದೇ ಪರೀಕ್ಷಿಸತೊಡಗಿದೆ. ಒಲೆ ಚೆನ್ನಾಗಿ ಉರಿಯಿತು, ಅಂದರೆ ಸಿಲಿಂಡರಿನಲ್ಲಿ ಅನಿಲವಿದೆ. ಬಟ್ಟಲಲ್ಲಿ ನೀರಿಟ್ಟು ನೋಡಿದರೆ ಗಾಡಿ ವಾಲಿರಲಿಲ್ಲ. ಇದು ಮುಖ್ಯ: ಈ ಫ್ರಿಜ್ಜಿನಲ್ಲಿ ದ್ರವ ಹರಿಯುವುದು ಬರೀ ಇಳಿಜಾರಿನ ಬಲದಿಂದ, ಓರೆಯಾದರೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಹೊರಗಿನ ಜಾಲರಿ ಮುಚ್ಚಳ ತೆಗೆದು ಮೂಸಿದೆ. ಅಮೋನಿಯಾದ ಘಾಟಿಲ್ಲ, ಕೊಳವೆಗಳ ಮೇಲೆ ಹಳದಿ ಪುಡಿಯಿಲ್ಲ. ಅವೆರಡಿದ್ದರೆ ಒಳಗಿನದು ಸೋರಿದೆ ಎಂದೇ ಅರ್ಥ, ಆಮೇಲೆ ಮಾಡುವುದೇನೂ ಉಳಿದಿರುವುದಿಲ್ಲ.

ಉಳಿದದ್ದು ಜ್ವಾಲೆ. ಬಗ್ಗಿ ನೋಡಿದೆ, ಉರಿಯುತ್ತಿತ್ತು. ನನ್ನ ಹಿಂದೆ ನಿಂತಿದ್ದ ಅಮ್ಮ, "ಹಳದಿ ಉರಿ ಕಣೋ, ಗಾಳಿ ಸಾಲ್ತಿಲ್ಲ" ಎಂದರು. ಮಲೆನಾಡಿನ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಗೋಬರ್ ಗ್ಯಾಸ್ ಒಲೆಯ ಮುಂದೆ ನಿಂತವರು ಅವರು. ಉರಿ ನೀಲಿಯಿದ್ದರೆ ಅನ್ನ, ಹಳದಿಯಾದರೆ ಪಾತ್ರೆಯ ತಳಕ್ಕೆ ಮಸಿ. ಆಗೆಲ್ಲ ಗಾಳಿಯ ತೂತು ಕಟ್ಟಿದೆಯೇ ಎಂದು ಮೊದಲು ನೋಡುತ್ತಿದ್ದರು.

ಅನಿಲ ನಿಲ್ಲಿಸಿ, ಬರ್ನರ್ ಆರಲು ಬಿಟ್ಟು ಬಿಚ್ಚಿದೆವು. ಕೊಳವೆಯೊಳಗೆ ಜೇಡರ ಬಲೆ, ಅದರ ಮೇಲೆ ಹೊಗೆನಳಿಗೆಯಿಂದ ಉದುರಿದ ತುಕ್ಕಿನ ಚಕ್ಕೆ. ಮೆತ್ತನೆಯ ಬ್ರಷ್ಷಿನಿಂದ ಗುಡಿಸಿದೆವು. ಅನಿಲ ಬರುವ ಸೂಜಿಮೊನೆಯಷ್ಟು ತೂತಿಗೆ ತಂತಿ ತೂರಿಸಬಾರದು, ಅಳತೆ ಕೆಡುತ್ತದೆ; ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಿದೆವು. ಮತ್ತೆ ಹಚ್ಚಿದಾಗ ಉರಿ ನೀಲಿಯಾಗಿತ್ತು.

ಆಮೇಲೆ ಕಾಯುವುದಷ್ಟೇ. ಈ ಫ್ರಿಜ್ ತಣ್ಣಗಾಗಲು ತಾಸುಗಟ್ಟಲೆ ಬೇಕು. ಕಾಯುತ್ತಾ ಅಮ್ಮನಿಗೆ ಅದರ ಕಥೆ ಹೇಳಿದೆ: 1922ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಫಾನ್ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ಜ್ವಾಲೆ ನೀರಿನಿಂದ ಅಮೋನಿಯಾವನ್ನು ಬೇರ್ಪಡಿಸುತ್ತದೆ. ಅದು ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ನಿನ ನಡುವೆ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಕೊನೆಗೆ ನೀರೇ ಅದನ್ನು ಮರಳಿ ನುಂಗಿ ಕೆಳಗಿಳಿಯುತ್ತದೆ.

"ಅಂದ್ರೆ ಒದ್ದೆ ಬಟ್ಟೆಯ ಹಾಗೆ" ಎಂದರು ಅಮ್ಮ.

ಹೌದು, ಹಾಗೆಯೇ. ನಮ್ಮ ಹೂಜಿಯ ನೀರು ತಣ್ಣಗಿರುವುದೂ, ಡಬ್ಬಿಯೊಳಗಿನ ಪೆನ್ನುಗಳು ಆ ಹಗಲನ್ನು ದಾಟಿದ್ದೂ, ಆ ಇಬ್ಬರು ಹುಡುಗರ ಯಂತ್ರ ಕೆಲಸ ಮಾಡುವುದೂ ಒಂದೇ ಕಾರಣಕ್ಕೆ. ನಾನು ಪಾಠದಲ್ಲಿ ಕಲಿತದ್ದು ಅವರಿಗೆ ಕೈಯಲ್ಲಿತ್ತು. ಅದಕ್ಕೆ ಹೆಸರು ಮಾತ್ರ ಇರಲಿಲ್ಲ.

ಮರುದಿನ ಬೆಳಿಗ್ಗೆ ಥರ್ಮಾಮೀಟರ್ 5 ಡಿಗ್ರಿ ತೋರಿಸಿತು. ಪೆನ್ನುಗಳು ಫ್ರಿಜ್ಜಿಗೆ ಮರಳಿದವು. ಖಾಲಿ ಡಬ್ಬಿಗೆ ಸುತ್ತಿದ್ದ ಪಂಚೆಯನ್ನು ಮಾತ್ರ ಅಮ್ಮ ಪ್ರವಾಸ ಮುಗಿಯುವವರೆಗೂ ಬಿಚ್ಚಲಿಲ್ಲ.