ಎಸ್.ಕೆ. ಬಾರ್ಡರ್‌ನಲ್ಲಿ ಎಡಕ್ಕೆ

ಗುರುವಾರ ರಾತ್ರಿ ಒಂಬತ್ತೂವರೆ. ವಿಜಯನಗರದ ಮೂರನೇ ಮಹಡಿಯ ಮನೆ. ಮೇಜಿನ ಮೇಲೆ ಗುಂಪಿನ ಲ್ಯಾಪ್‌ಟಾಪ್, ಅದಕ್ಕೆ ಕೇಬಲ್ಲಿನಿಂದ ಸಿಕ್ಕಿಸಿದ ಗಾರ್ಮಿನ್ ಜಿಪಿಎಸ್, ಅರ್ಧ ಕುಡಿದಿಟ್ಟ ಕಾಫಿ. ಮೌಸ್ ನಿಮ್ಮ ಕೈಯಲ್ಲಿದೆ. ಪಕ್ಕದ ಕುರ್ಚಿಯಲ್ಲಿ ಅಣ್ಣ. ಸ್ವಂತ ಅಣ್ಣನೇನಲ್ಲ, ಗುಂಪಿನವರೆಲ್ಲ ಹಾಗೇ ಕರೆಯುತ್ತಾರೆ. ಮಲೆನಾಡಿನ ಘಾಟಿಗಳನ್ನು ಬೈಕಿನಲ್ಲಿ ಹತ್ತಿಳಿದೇ ತಲೆ ನೆರೆಸಿಕೊಂಡವರು. ಶನಿವಾರ ಬೆಳಗಿನ ಜಾವ ಎಲ್ಲರೂ ಹೊರಡಬೇಕು: ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಅಲ್ಲಿಂದ ಕರಾವಳಿಯ ಅಂಚಿಗೆ ಇಳಿದು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವುದು. ರಾತ್ರಿ ಆಗುಂಬೆಯಲ್ಲೇ.

"ಬೇಸ್‌ಕ್ಯಾಂಪ್ ತೆಗಿ, ನೋಡೋಣ."

ತೆರೆಯುತ್ತೀರಿ. ಗಾರ್ಮಿನ್‌ನವರದೇ ದಾರಿ ಜೋಡಿಸುವ ತಂತ್ರಾಂಶ ಅದು. ಬಲಗಡೆ ನಕ್ಷೆ. ಎಡಗಡೆ ಮೇಲೆ 'ಮೈ ಕಲೆಕ್ಷನ್', ಅದರಡಿ ಲಿಸ್ಟ್‌ಗಳ ಸಾಲು, ಕೆಳಗಿನ ಅಂಕಣದಲ್ಲಿ ಆಯಾ ಲಿಸ್ಟಿನ ಒಳಗಿರುವ ಸರಂಜಾಮು. ಸಾಲಿನಲ್ಲಿ ಕಾಣುವುದು 'ನ್ಯೂ ಲಿಸ್ಟ್', ಅದರ ಕೆಳಗೆ ಇನ್ನಷ್ಟು ನ್ಯೂ ಲಿಸ್ಟ್‌ಗಳು. ಹೆಸರಿಡುವ ವ್ಯವಧಾನ ಯಾರಿಗೂ ಇದ್ದಂತಿಲ್ಲ. ಒಂದರ ಮೇಲೆ ಒತ್ತಿದರೆ ಕೆಳಗೆ ಮೂಡಿಗೆರೆ, ಮೂಡಿಗೆರೆ 1, ಮೂಡಿಗೆರೆ 2.

"ಇದೇನೋ, ಮೂರು ಮೂಡಿಗೆರೆ?"

"ಅವರಿವರು ಕಳಿಸಿದ ಫೈಲ್‌ಗಳನ್ನೆಲ್ಲ ಇಂಪೋರ್ಟ್ ಮಾಡಿದ್ದಾರೆ ಅಣ್ಣ. ಅದೇ ಹೆಸರು ಇನ್ನೊಂದು ಸಲ ಬಂದ್ರೆ ಇದು ಮುಂದೆ ನಂಬರ್ ಹಾಕ್ಕೊಂಡ್ಬಿಡತ್ತೆ."

ಒಂದೊಂದರ ಮೇಲೂ ಒತ್ತಿ ನಕ್ಷೆಯನ್ನು ಹತ್ತಿರಕ್ಕೆ ಎಳೆದು ನೋಡುತ್ತೀರಿ. ಮೊದಲನೆಯದು ಬಸ್ ಸ್ಟ್ಯಾಂಡಿನ ಬಳಿ. ಎರಡನೆಯದು ಪೆಟ್ರೋಲ್ ಬಂಕ್. ಮೂರನೆಯದು ರಸ್ತೆಯಿಂದ ದೂರ, ಯಾರದೋ ಕಾಫಿ ತೋಟದ ನಟ್ಟನಡುವೆ ಕೂತಿದೆ. ಅದನ್ನು ಅಳಿಸಲು ಬಲಗುಂಡಿ ಒತ್ತುತ್ತೀರಿ. ಎರಡು ಆಯ್ಕೆ: ಲಿಸ್ಟಿನಿಂದ ತೆಗೆ, ಅಥವಾ ಡಿಲೀಟ್. ಬೆರಳು ಅಲ್ಲೇ ನಿಲ್ಲುತ್ತದೆ.

ಈ ತಂತ್ರಾಂಶದಲ್ಲಿ ತಿಳಿದುಕೊಳ್ಳಲೇಬೇಕಾದ ಸಂಗತಿ ಒಂದಿದ್ದರೆ ಅದು ಇದು. ಲಿಸ್ಟ್ ಎನ್ನುವುದು ಡಬ್ಬಿಯಲ್ಲ. ಮದುವೆ ಮನೆಯಲ್ಲಿ ಊಟದ ಪಟ್ಟಿ, ಬಸ್ಸಿನ ಪಟ್ಟಿ, ಉಡುಗೊರೆ ಪಟ್ಟಿ ಮೂರರಲ್ಲೂ ಚಿಕ್ಕಪ್ಪನ ಹೆಸರಿರುತ್ತದೆ; ಚಿಕ್ಕಪ್ಪ ಮಾತ್ರ ಒಬ್ಬರೇ. ಬಸ್ಸಿನ ಪಟ್ಟಿಯಿಂದ ಹೆಸರು ಹೊಡೆದುಹಾಕಿದರೆ ಅವರಿಗೆ ಊಟ ತಪ್ಪುವುದಿಲ್ಲ. ಲಿಸ್ಟಿನಿಂದ ತೆಗೆಯುವುದೆಂದರೆ ಅಷ್ಟೇ. ಡಿಲೀಟ್ ಒತ್ತಿದರೆ ಆ ಬಿಂದು ಎಲ್ಲ ಲಿಸ್ಟ್‌ಗಳಿಂದಲೂ ಮಾಯ. ಹಾಗೆಯೇ ಒಂದು ಕಡೆ ಹೆಸರು ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಯಾವ ಲಿಸ್ಟಿಗೂ ಸೇರದೆ ಉಳಿದವು 'ಅನ್‌ಲಿಸ್ಟೆಡ್ ಡೇಟಾ' ಎಂಬ ಮೂಲೆಯಲ್ಲಿ ಬಿದ್ದಿರುತ್ತವೆ. ಅಲ್ಲಿಗೆ ಹೋಗಿ ನೋಡುವವರು ಕಡಿಮೆ. ಕಳೆದುಹೋಯಿತೆಂದುಕೊಂಡ ರೂಟ್ ಸಿಗುವುದು ಸಾಮಾನ್ಯವಾಗಿ ಅಲ್ಲಿಯೇ.

ತೋಟದ ಮೂಡಿಗೆರೆಗೆ ಡಿಲೀಟ್. ಬಂಕಿನ ಮೂಡಿಗೆರೆಗೆ 'ಬಂಕ್-ಮೂಡಿಗೆರೆ' ಎಂಬ ಹೊಸ ಹೆಸರು. ಜಿಪಿಎಸ್‌ಗೆ ಕನ್ನಡ ಅಕ್ಷರ ಬಾರದು, ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತೀರಿ. ಅಣ್ಣ ಹೇಳಿದಂತೆ 'ಮಲೆನಾಡು' ಎಂಬ ಫೋಲ್ಡರ್ ಮಾಡಿ, ಅದರೊಳಗೆ ಸದಾ ಉಳಿಯುವ ಮೂರು ಲಿಸ್ಟ್: ಬಂಕ್, ಚೆಕ್‌ಪೋಸ್ಟ್, ತಂಗುವ ಜಾಗ. ಆಮೇಲೆ ಈ ಸಲದ ಪ್ರವಾಸಕ್ಕೊಂದು ಲಿಸ್ಟ್. ಕಳಸದ ಬಂಕನ್ನು ಮೊದಲ ಲಿಸ್ಟಿನಿಂದ ಎಳೆದು ಈ ಹೊಸದಕ್ಕೂ ಬಿಡುತ್ತೀರಿ. ಬಿಂದು ಒಂದೇ, ಇರುವುದು ಎರಡು ಕಡೆ. ತಾರೀಖಿನ ಪ್ರಕಾರ ಜೋಡಿಸಬಾರದೇ ಎಂದು ಕೇಳಿದರೆ ಅಣ್ಣನ ಉತ್ತರ ಸಿದ್ಧವಿದೆ: "ಹುಲಿಕಲ್ ಘಾಟಿಗೆ ಯಾವ ವರ್ಷ ಹೋಗಿದ್ವಿ ಅಂತ ನಿಂಗೆ ನೆನಪಿರತ್ತಾ? ಹುಲಿಕಲ್ ಎಲ್ಲಿದೆ ಅಂತ ನೆನಪಿರತ್ತೆ."

ಇನ್ನು ಗೆರೆ ಎಳೆಯುವ ಕೆಲಸ. ಬೆಂಗಳೂರು, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಆಗುಂಬೆ ಎಂದು ಒಂದೊಂದೇ ಒತ್ತುತ್ತೀರಿ. ಕೆನ್ನೇರಳೆ ಬಣ್ಣದ ಗೆರೆ ಕುದುರೆಮುಖ ದಾಟಿ ಎಸ್.ಕೆ. ಬಾರ್ಡರ್ ಮುಟ್ಟುತ್ತದೆ. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಅದು. ಜಿಲ್ಲೆಯ ಹೆಸರು ಬದಲಾದರೂ ಆ ಕವಲಿನ ಹೆಸರು ಬದಲಾಗಿಲ್ಲ. ಅಲ್ಲಿ ಗೆರೆ ಬಲಕ್ಕೆ ತಿರುಗಿ ಶೃಂಗೇರಿಯ ಮೇಲಿಂದ ಸಲೀಸಾಗಿ ಆಗುಂಬೆ ಸೇರುತ್ತದೆ. ಘಟ್ಟ ಇಳಿಯುವುದೂ ಇಲ್ಲ, ಹತ್ತುವುದೂ ಇಲ್ಲ.

"ಅಣ್ಣ, ಇದು ತಪ್ಪು ತೋರಿಸ್ತಿದೆ."

"ತಪ್ಪೇನಿಲ್ಲ. ಆಗುಂಬೆಗೆ ದಾರಿ ಕೇಳಿದೆ, ಹತ್ತಿರದ ದಾರಿ ಕೊಡ್ತು. ನೀನು ಯಾಕೆ ಹೋಗ್ತಿದೀಯ ಅಂತ ಅದಕ್ಕೆ ಹೇಳೇ ಇಲ್ವಲ್ಲ."

ಹೇಳುವುದು ಹೀಗೆ: ಗೆರೆಯನ್ನು ಮೌಸ್‌ನಿಂದ ಹಿಡಿದು ಎಳೆದು ಬಜಗೋಳಿಯ ಮೇಲೆ ಬಿಡಬೇಕು. ಗೆರೆ ಈಗ ಎಸ್.ಕೆ. ಬಾರ್ಡರ್‌ನಲ್ಲಿ ಎಡಕ್ಕೆ ಹೊರಳಿ ಮಾಳ ಘಾಟಿ ಇಳಿಯುತ್ತದೆ. ಇನ್ನೊಮ್ಮೆ ಎಳೆದು ಹೆಬ್ರಿಯ ಮೇಲೆ. ಈಗ ಕಾರ್ಕಳದ ಕಡೆಯಿಂದ ಬಂದು ಸೋಮೇಶ್ವರ ಮುಟ್ಟಿ ಆಗುಂಬೆಯ ಹೇರ್‌ಪಿನ್‌ಗಳನ್ನು ಹತ್ತುತ್ತದೆ. ನೀವಿಟ್ಟ ಈ ಎರಡು ಬಿಂದುಗಳಲ್ಲಿ ಯಾರೂ ಇಳಿದು ನಿಲ್ಲುವುದಿಲ್ಲ. ದಾರಿಯನ್ನು ಬಾಗಿಸುವುದಷ್ಟೇ ಅವುಗಳ ಕೆಲಸ. ಇವಕ್ಕೆ ಶೇಪಿಂಗ್ ಪಾಯಿಂಟ್ ಎನ್ನುತ್ತಾರೆ. ರೂಟಿನ ವಿವರ ತೆರೆದು, ಇವೆರಡಕ್ಕೂ 'ತಲುಪಿದಾಗ ಎಚ್ಚರಿಸಬೇಡ' ಎಂದು ಗುರುತು ಹಾಕುತ್ತೀರಿ. ಕೊಟ್ಟಿಗೆಹಾರಕ್ಕೆ ಮಾತ್ರ ಎಚ್ಚರಿಕೆ ಇರಲಿ, ಅಲ್ಲಿ ತಿಂಡಿ ಇದೆ. ಎಲ್ಲದಕ್ಕೂ ಎಚ್ಚರಿಕೆ ಇಟ್ಟುಬಿಟ್ಟರೆ, ಬೈಪಾಸ್ ಹಿಡಿದು ಒಂದು ಬಿಂದು ತಪ್ಪಿಸಿದಿರೋ, 'ಹಿಂದಕ್ಕೆ ತಿರುಗು' ಎಂದು ಜಿಪಿಎಸ್ ಹತ್ತಾರು ಕಿಲೋಮೀಟರ್ ಪೀಡಿಸುತ್ತದೆ.

ಅಣ್ಣ ಇನ್ನೂ ಒಂದು ಕಡೆ ಬೆರಳಿಡುತ್ತಾರೆ. ಚನ್ನರಾಯಪಟ್ಟಣದ ಬಳಿ, ರಾಷ್ಟ್ರೀಯ ಹೆದ್ದಾರಿ 75ರ ಮೇಲೆ, ಗೆರೆಯಿಂದ ಒಂದು ಸಣ್ಣ ಬಾಲ ಹೊರಟಿದೆ. ದೂರದಿಂದ ನೋಡಿದರೆ ಕಾಣುವುದೇ ಇಲ್ಲ. ಹತ್ತಿರಕ್ಕೆ ಎಳೆದಾಗ ಗೊತ್ತಾಗುತ್ತದೆ: ಹಳೆಯ ರೂಟಿನಿಂದ ಬಂದ ಬಿಂದುವೊಂದು ಡಿವೈಡರ್‌ನ ಆಚೆ ಬದಿ, ಬೆಂಗಳೂರಿಗೆ ವಾಪಸ್ ಬರುವ ರಸ್ತೆಯ ಮೇಲೆ ಕೂತಿದೆ. ಅದನ್ನು ಮುಟ್ಟಿಸಲು ತಂತ್ರಾಂಶ ಪಾಪ, ಮುಂದೆ ಹೋಗಿ ಯೂ-ಟರ್ನ್ ಹೊಡೆದು, ಮತ್ತೆ ಯೂ-ಟರ್ನ್ ಹೊಡೆದು ಬಂದಿದೆ. ಅಂಗುಲದಷ್ಟು ಸರಿಸಿದರೆ ಬಾಲ ಹೋಗುತ್ತದೆ. ಕವಲಿನ ಮೇಲೂ ಬಿಂದು ಇಡಬಾರದು. ಕವಲು ದಾಟಿ, ನಿಮಗೆ ಬೇಕಾದ ರಸ್ತೆಯಲ್ಲಿ ಸ್ವಲ್ಪ ಮುಂದೆ ಇಡಬೇಕು. ಒಂದು ಕವಲಿಗೆ ಒಂದು ಸಾಕು. ಅನುಮಾನಕ್ಕೆಂದು ಹತ್ತಿಪ್ಪತ್ತು ಚುಚ್ಚಿಟ್ಟ ರೂಟ್‌ಗಳನ್ನು ನೋಡಿದ್ದೇನೆ, ಅವು ಕೆಡುವುದೇ ಹೆಚ್ಚು.

ಹನ್ನೊಂದು ಗಂಟೆ. ರೂಟ್‌ಗಳಿಗೆ 01, 02 ಎಂದು ಶುರುವಾಗುವ ಹೆಸರು. ಮುಂದಿನ ಸೊನ್ನೆ ಬಿಟ್ಟರೆ ಎಷ್ಟೋ ಕಡೆ ಹತ್ತನೆಯದು ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. ಕೊನೆಯದಾಗಿ ರೂಟಿನಿಂದ ಒಂದು ಟ್ರ್ಯಾಕ್ ಮಾಡಿ ಅದನ್ನೂ ಕಳಿಸುತ್ತೀರಿ. ರೂಟ್ ಎಂದರೆ ಕೋರಿಕೆ. ಜಿಪಿಎಸ್ ತನ್ನೊಳಗಿನ ನಕ್ಷೆ ನೋಡಿ ಮತ್ತೆ ಲೆಕ್ಕ ಹಾಕಿ ಬೇರೆ ದಾರಿ ತೋರಿಸಬಹುದು. ಟ್ರ್ಯಾಕ್ ಎಂದರೆ ಬರೀ ಚುಕ್ಕಿಗಳ ಸಾಲು, ಅದನ್ನು ಯಾವ ಲೆಕ್ಕವೂ ಅಲ್ಲಾಡಿಸುವುದಿಲ್ಲ. ಕಳಿಸಿದ ಮೇಲೆ ಲ್ಯಾಪ್‌ಟಾಪ್ ತೋರಿಸುವ ಕಿಲೋಮೀಟರನ್ನೂ ಜಿಪಿಎಸ್ ತೋರಿಸುವುದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೀರಿ. ಹೆಚ್ಚುಕಡಿಮೆ ಒಂದೇ ಇದೆ. ಮಲಗಬಹುದು.

ಶನಿವಾರ. ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು. ಹೆದ್ದಾರಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ಮೂಡಿಗೆರೆ ದಾಟಿದ ಮೇಲೆ ಗಾಳಿಯ ವಾಸನೆ ಬದಲಾಗುತ್ತದೆ. ಕೊಟ್ಟಿಗೆಹಾರದಲ್ಲಿ ಜಿಪಿಎಸ್ ಟಿಂಗ್ ಎಂದಾಗ ನೀರುದೋಸೆಯ ಹೋಟೆಲ್ ಎದುರೇ ಇರುತ್ತೀರಿ. ತಟ್ಟೆಗೆ ಕೈ ಹಾಕುವಷ್ಟರಲ್ಲಿ ಮಂಜು ರಸ್ತೆಗಿಳಿಯುತ್ತದೆ. ತೇಜಸ್ವಿ ಪ್ರತಿಷ್ಠಾನ ಇಲ್ಲೇ ಇದೆ, ನೋಡೋಣ ಎಂದು ಯಾರೋ ಅನ್ನುತ್ತಾರೆ. ಅಣ್ಣ ಗಡಿಯಾರ ತೋರಿಸುತ್ತಾರೆ. ಎಡಕ್ಕೆ ಚಾರ್ಮಾಡಿ ಇಳಿಯುವ ರಸ್ತೆ ಬಿಟ್ಟು ಬಾಳೂರಿನ ಕಡೆಗೆ.

ಕಳಸದಲ್ಲಿ ಎಲ್ಲರೂ ಟ್ಯಾಂಕ್ ತುಂಬಿಸುತ್ತಾರೆ. ಪರದೆಯ ಮೇಲೆ 'ಬಂಕ್-ಕಳಸ' ಎಂದು ಮೂಡಿದಾಗ ಗುರುವಾರ ರಾತ್ರಿಯ ಕೆಲಸ ಕೂಲಿ ಕೊಟ್ಟಿತು ಎನಿಸುತ್ತದೆ. ಮುಂದೆ ಸಂಸೆ, ಆಮೇಲೆ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟ್. ಗೇಟಿನಲ್ಲಿ ವಾಹನದ ನಂಬರು, ಹೊತ್ತು ಬರೆದುಕೊಳ್ಳುತ್ತಾರೆ. ಒಳಗೆ ನಿಲ್ಲುವಂತಿಲ್ಲ, ಕತ್ತಲಾದ ಮೇಲೆ ಬಿಡುವುದಿಲ್ಲ. 2005ರ ಕೊನೆಗೆ ಗಣಿ ನಿಂತ ಮೇಲೆ ಖಾಲಿಯಾಗುತ್ತ ಬಂದ ಕುದುರೆಮುಖದ ಟೌನ್‌ಶಿಪ್ ಪಕ್ಕದಲ್ಲಿ ಹಾದು ಹೋಗುತ್ತದೆ. ಫೋನಿನ ಸಿಗ್ನಲ್ ಹೋಗಿ ಬಹಳ ಹೊತ್ತಾಯಿತು. ಹುಲ್ಲುಬೆಟ್ಟಗಳ ಮೇಲೆ ಮೋಡದ ನೆರಳು ಸರಿಯುತ್ತಿದೆ, ಹೆಲ್ಮೆಟ್ಟಿನ ಗಾಜಿಗೆ ಹನಿ ಕಟ್ಟುತ್ತಿದೆ.

ಎಸ್.ಕೆ. ಬಾರ್ಡರ್. ಮುಂದೆ ಹೋದ ಇಬ್ಬರು ಕವಲಿನಲ್ಲಿ ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಫೋನು.

"ಬಲಕ್ಕಲ್ವಾ ಗುರು? ಆಗುಂಬೆ ಬೋರ್ಡು ಆ ಕಡೆ ಅಂತಾರೆ."

"ನಂದು ಸುತ್ತುತ್ತಾನೇ ಇದೆ, ಮ್ಯಾಪೇ ಬರ್ತಿಲ್ಲ."

ನೀವು ನಿಮ್ಮ ಪರದೆ ನೋಡುತ್ತೀರಿ. ಕೆನ್ನೇರಳೆ ಗೆರೆ ಎಡಕ್ಕೆ, ಅದರ ಅಡಿಯಲ್ಲೇ ಟ್ರ್ಯಾಕಿನ ಗೆರೆಯೂ ಎಡಕ್ಕೆ. ಬಜಗೋಳಿಯ ಬಿಂದು ಘಾಟಿಯ ಕೆಳಗೆ ಕಾಯುತ್ತಿದೆ. ಇದಕ್ಕೆ ಸಿಗ್ನಲ್ ಬೇಕಿಲ್ಲ: ಜಾಗ ಹೇಳುವುದು ಉಪಗ್ರಹ, ನಕ್ಷೆ ಒಳಗೇ ಇದೆ. ನೀವು ಕೈಯೆತ್ತಿ ಎಡಕ್ಕೆ ತೋರಿಸಿ ಮುಂದೆ ಹೋಗುತ್ತೀರಿ; ಹಿಂದೆ ಒಂದೊಂದೇ ದೀಪ ನಿಮ್ಮ ಕನ್ನಡಿಗೆ ಬರುತ್ತದೆ. ಮಾಳದ ತಿರುವುಗಳಲ್ಲಿ ಸೆಕೆ ಮೆಲ್ಲಗೆ ಮೇಲೇರುತ್ತದೆ, ಜಾಕೆಟ್ಟಿನ ಜಿಪ್ ಇಳಿಯುತ್ತದೆ. ಕಾರ್ಕಳ, ಹೆಬ್ರಿ, ಸೋಮೇಶ್ವರ. ಹದಿನಾಲ್ಕು ಹೇರ್‌ಪಿನ್‌ಗಳಲ್ಲಿ ಮೊದಲನೆಯದಕ್ಕೆ ಮುಂಚೆ ಗೇರ್ ಇಳಿಸುವಾಗ ಪರದೆ ನೋಡುವ ಅಗತ್ಯವೇ ಇಲ್ಲ. ಈ ರಸ್ತೆಯಲ್ಲಿ ತಪ್ಪಿಸಿಕೊಳ್ಳಲು ಇನ್ನೊಂದು ದಾರಿಯೇ ಇಲ್ಲವಲ್ಲ.

ಸೋಮವಾರ ರಾತ್ರಿ ಮತ್ತೆ ಅದೇ ಮೇಜು. ಹೋಗಿ ಬಂದ ಟ್ರ್ಯಾಕನ್ನು ಜಿಪಿಎಸ್‌ನಿಂದ ಇಳಿಸಿ, ಕುತೂಹಲಕ್ಕೆ ಆ ಜಿಪಿಎಕ್ಸ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೀರಿ. ಓದಲು ಬರುವಂಥ ಸಾದಾ ಪಠ್ಯ. ಪ್ರತಿ ಚುಕ್ಕಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ. ನೀವು ಹೊರಟದ್ದು ಬೆಳಗಿನ ಐದೂವರೆಗೆ. ಫೈಲಿನಲ್ಲಿ ಮೊದಲ ಚುಕ್ಕಿಯ ಸಮಯ 00:00, ಕೊನೆಗೊಂದು ಝಡ್. ಜಾಗತಿಕ ಸಮಯ ಅದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಕಾಲು ಗಂಟೆ ಮೊದಲೇ ಮನೆ ಬಿಟ್ಟವನ ಟ್ರ್ಯಾಕ್ ಶುಕ್ರವಾರದ ತಾರೀಖಿನಲ್ಲೇ ಶುರುವಾಗಿದೆ. ಆಗುಂಬೆಯ ಸಾಲು ಸುಮಾರು 13.5, 75.1. ಜಿಪಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಅಕ್ಷಾಂಶ ಮೊದಲು ಕಾಣುತ್ತದೆ. ಗೂಗಲ್ ಅರ್ತ್‌ನ ಕೆಎಂಎಲ್‌ನಲ್ಲಿ ರೇಖಾಂಶ ಮೊದಲು. ಕೈಯಿಂದ ನಕಲು ಮಾಡುವಾಗ ಎರಡನ್ನೂ ಅದಲುಬದಲು ಮಾಡಿದರೆ ನಿಮ್ಮ ಆಗುಂಬೆ ಸ್ವಾಲ್‌ಬಾರ್ಡ್‌ನ ದಕ್ಷಿಣಕ್ಕೆ ಆರ್ಕ್‌ಟಿಕ್ ಸಮುದ್ರದಲ್ಲಿ ತೇಲುತ್ತದೆ. ಅಲ್ಲಿ ಮಳೆ ಹೇಗೋ ಏನೋ.

ಟ್ರ್ಯಾಕನ್ನು ಹಂಚುವ ಮುಂಚೆ ಅಣ್ಣ ಮೊದಲ ಮತ್ತು ಕೊನೆಯ ಒಂದೆರಡು ಕಿಲೋಮೀಟರ್ ಕತ್ತರಿಸಲು ಹೇಳುತ್ತಾರೆ. ಇಲ್ಲದಿದ್ದರೆ ಮನೆ ಎಲ್ಲಿದೆ, ಎಷ್ಟು ಹೊತ್ತಿಗೆ ಬೀಗ ಬಿತ್ತು ಎಂಬುದೆಲ್ಲ ಕಂಡವರಿಗೆ ಕೊಟ್ಟಂತೆ. ಹೋಟೆಲ್ ಎದುರು ನಿಂತಾಗ ಒಂದೇ ಕಡೆ ಗುಂಪುಗಟ್ಟಿದ ಚುಕ್ಕಿಗಳನ್ನು ಅಳಿಸುತ್ತೀರಿ. ಯೋಜಿಸಿದ ರೂಟನ್ನೂ ನಡೆದ ಟ್ರ್ಯಾಕನ್ನೂ ಒಂದೇ ಲಿಸ್ಟಿನಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಉಳಿಸುತ್ತೀರಿ. ಮುಂದಿನ ವರ್ಷ ಬೇಕಾಗುವುದು ಎರಡನೆಯದು.

ಒಂದು ಮಾತು. ಬೇಸ್‌ಕ್ಯಾಂಪ್ ಹಳೆಯದಾಗಿದೆ, ನಾಳೆ ನೀವು ಬೇರೆ ತಂತ್ರಾಂಶಕ್ಕೋ ಫೋನಿನ ಆ್ಯಪ್‌ಗೋ ಹೋಗಬಹುದು. ಜಿಪಿಎಕ್ಸ್ 1.1 ಬಂದದ್ದು 2004ರಲ್ಲಿ, ಇಂದಿಗೂ ಹೆಚ್ಚುಕಡಿಮೆ ಎಲ್ಲವೂ ಅದನ್ನು ಓದುತ್ತವೆ. ಆದರೆ ನೀವು ಕಷ್ಟಪಟ್ಟು ಜೋಡಿಸಿದ ಫೋಲ್ಡರ್, ಲಿಸ್ಟ್‌ಗಳ ವ್ಯವಸ್ಥೆ ಆ ಫೈಲಿನೊಳಗೆ ಹೋಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಿದರೆ ಒಂದು ದೊಡ್ಡ ರಾಶಿ ಸಿಗುತ್ತದೆ, ಅಷ್ಟೇ. ಹಾಗಾಗಿ ತಂತ್ರಾಂಶದ ಬ್ಯಾಕಪ್ ಒಂದನ್ನು ತೆಗೆದಿಡಿ. ಅದರ ಜೊತೆಗೆ ಒಂದೊಂದು ಲಿಸ್ಟನ್ನೂ ಬೇರೆ ಬೇರೆ ಜಿಪಿಎಕ್ಸ್ ಆಗಿ, ಊರಿನ ಹೆಸರಿಟ್ಟು ಉಳಿಸಿ. ಒಂದು ಪ್ರತಿ ಲ್ಯಾಪ್‌ಟಾಪ್‌ನ ಹೊರಗಿರಲಿ.