ಸಪ್ತಾಪುರದ ಗೇಟಿನೊಳಗೆ ಎರಡು ಕಾರು

ಧಾರವಾಡದ ಸಪ್ತಾಪುರ ಗೊತ್ತಲ್ಲ? ಕೋಚಿಂಗ್ ಸೆಂಟರು, ಪೀಜಿ, ಚಹಾದಂಗಡಿ. ಬ್ಯಾಗು ಹೊತ್ತ ಹುಡುಗ-ಹುಡುಗಿಯರ ನಡುವೆ ಕಾರು ಹೊರಳಿಸೋದೇ ಒಂದು ಪರೀಕ್ಷೆ. ಇಂಥ ಗಲ್ಲಿಗೆ ಸಣ್ಣ ಕಾರೇ ಸರಿ ಅಂತ ಅಪ್ಪ 1996ರಲ್ಲಿ ಕೊಂಡದ್ದು ಬಿಳಿ ಮಾರುತಿ 800.

ಮೊನ್ನೆ ಬೆಂಗಳೂರಿನಿಂದ ನನ್ನ ಹೊಸ ಆಲ್ಟೊ ಕೆ10 ಓಡಿಸಿಕೊಂಡು ಬಂದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಅಜ್ಜ-ಮೊಮ್ಮಗ ನಿಂತಂತೆ ಕಾಣುತ್ತಿತ್ತು.

ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಗ್ರಾಹಕರಿಗೆ ಕೊಟ್ಟಿದ್ದು 1983ರ ಡಿಸೆಂಬರ್ 14ರಂದು. ಅಂಬಾಸಿಡರ್, ಪದ್ಮಿನಿಗಳ ಕಾಲ ಅದು. ಸುಜುಕಿ ವಿನ್ಯಾಸದ ಈ ಕಾರು 1986ರಲ್ಲಿ ಮೈ ಬದಲಿಸಿತು. 2000ದಲ್ಲಿ ಆಲ್ಟೊ ಬಂತು. 2014ರ ಜನವರಿಯಲ್ಲಿ 800ರ ತಯಾರಿಕೆ ನಿಂತಿತು, ಆಲ್ಟೊ ಉಳಿಯಿತು. 796 ಸಿಸಿ ಎಂಜಿನ್ ಹೋಗಿ ಕೆ10ರಲ್ಲಿ 998 ಸಿಸಿ ಇದೆ. ಸಿಲಿಂಡರ್ ಮಾತ್ರ ಇಂದಿಗೂ ಮೂರೇ. ಅಪ್ಪನ ಕಾರಿಗೆ ನಾಲ್ಕು ಗೇರು, ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಒಂದೂ ಇಲ್ಲ. 2025ರಿಂದ ಕೆ10ರ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್.

ಈ ಲೆಕ್ಕವನ್ನೇ ಹಿಡಿದು ನಾನು ಬಂದಿದ್ದೆ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಈ ವರ್ಷ ಅದರ ಸರದಿ. ‘ಅಪ್ಪಾ, ಮಾರಿಬಿಡೋಣ’ ಅಂದೆ. ಅಪ್ಪ ಮಾತಾಡಲಿಲ್ಲ.

ಸಂಜೆ ಆಲ್ಟೊದಲ್ಲಿ ಅವರನ್ನು ಕೆಲಗೇರಿ ಕೆರೆಗೆ ಕರೆದೊಯ್ದೆ. ನಾನು ಕ್ಲಚ್ ಬಿಡೋದು ಕಲಿತಿದ್ದು ಅದೇ ದಾರಿಯಲ್ಲಿ, ಅದೇ 800ರಲ್ಲಿ. ದಂಡೆ ಮೇಲೆ ಕೂತು ಅಪ್ಪ ಅಂದ್ರು: ‘ಗಾಡಿ ಚಲೋ ಐತಿ, ಸಪ್ಪಳನ ಇಲ್ಲ. ಆದ್ರ ನಂದು ಮಾರಿದ್ರ, ನಡುರಾತ್ರಿ ನಿಮ್ಮವ್ವಗ ಆರಾಮ ತಪ್ಪಿದ್ರ ನಾ ಯಾರ ಮನಿ ಬಾಗಲಾ ಬಡೀಲಿ?’

ನಾನು ಏರ್‌ಬ್ಯಾಗ್ ಎಣಿಸಿದ್ದೆ, ಇದನ್ನು ಎಣಿಸಿರಲಿಲ್ಲ.

ಮರುದಿನ ಅಪ್ಪನನ್ನು ಆಲ್ಟೊದ ಸ್ಟೀರಿಂಗ್ ಹಿಂದೆ ಕೂರಿಸಿದೆ. ಎರಡು ಸಲ ಬಂದ್ ಬಿತ್ತು. ಮೂರನೇ ಸಲ ಸಪ್ತಾಪುರದ ಸಂದಿಯಲ್ಲಿ ನನಗಿಂತ ಸಲೀಸಾಗಿ ಹೊರಳಿಸಿದರು. ಮುಖದಲ್ಲಿ ಸಣ್ಣ ನಗು. ‘ಐದನೇ ಗೇರು ಈ ಊರಾಗ ಎಲ್ಲಿ ಹಾಕಲೋ?’

ಆಲ್ಟೊ ಅಲ್ಲೇ ಬಿಟ್ಟು ನಾನು ಬೆಂಗಳೂರು ರೈಲು ಹತ್ತಿದೆ. ಇಎಂಐ ನನ್ನದು, ಕೀಲಿ ಅಪ್ಪನದು. 800 ಇನ್ನೂ ಗೇಟಿನೊಳಗೇ ಇದೆ. ಮಾರೋ ಮಾತು ಈಗ ಅಪ್ಪನೇ ಎತ್ತುತ್ತಾರೆ, ನಾನೇ ‘ಇರ್ಲಿ ಬಿಡ್ರಿ’ ಅಂತೀನಿ.