ಬಳೇಪೇಟೆಯ ತಂಬೂರಿ, ಜೇಬಿನೊಳಗಿನ ಶ್ರುತಿ

ನಾನು ಸಂಗೀತ ಕಲಿಯುತ್ತಿದ್ದ ಕಾಲಕ್ಕೆ ಬೆಂಗಳೂರಿನ ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ತಂಬೂರಿಗಳು ಗೋಡೆಗೊರಗಿ ಸಾಲಾಗಿ ನಿಂತಿರುತ್ತಿದ್ದವು. ತಂಜಾವೂರಿನ ಹಲಸಿನ ಮರದವು ಒಂದು ಕಡೆ, ಮಿರಜಿನಿಂದ ಬಂದ ಸೋರೆ ಬುರುಡೆಯವು ಇನ್ನೊಂದು ಕಡೆ. ಕರ್ನಾಟಕ ಸಂಗೀತದವರು ಮೊದಲ ಸಾಲಿಗೆ, ಹಿಂದುಸ್ತಾನಿಯವರು ಎರಡನೆಯ ಸಾಲಿಗೆ ಹೋಗಿ ಒಂದೊಂದನ್ನೇ ಮೀಟಿ ನೋಡುತ್ತಿದ್ದರು. ಈಗ ಅದೇ ಬೀದಿಗೆ ಹೋದರೆ ಎದುರಿಗೆ ಕಾಣುವುದು ಗಿಟಾರು, ಕೀಬೋರ್ಡು. ತಂಬೂರಿ ಬೇಕೆಂದರೆ ಕೇಳಿ ಒಳಗಿನಿಂದ ತರಿಸಿಕೊಳ್ಳಬೇಕು. ಅದರ ಜಾಗಕ್ಕೆ ಇಲೆಕ್ಟ್ರಾನಿಕ್ ಪೆಟ್ಟಿಗೆ, ಫೋನಿನ ಆ್ಯಪ್ ಬಂದಿವೆ. ಈ ಬದಲಾವಣೆ ಆಗಿದ್ದು ನನ್ನ ಕಣ್ಣೆದುರಿಗೇ. ಅದರಿಂದ ಆದ ಒಳ್ಳೆಯದು ಬಹಳ. ಆದರೆ ಅದರ ಜೊತೆಗೆ ಕೈಬಿಟ್ಟು ಹೋಗುತ್ತಿರುವ ವಿದ್ಯೆಯೊಂದಿದೆ. ಅದನ್ನು ಹೇಳದೆ ಇರಲಾರೆ.

ತಂಬೂರಿ ಸಾಕುವುದು ಸುಲಭದ ಕೆಲಸವಾಗಿರಲಿಲ್ಲ. ನಾಲ್ಕೈದು ಅಡಿ ಉದ್ದದ ವಾದ್ಯ, ಎಲ್ಲಾದರೂ ತಗುಲಿದರೆ ಬುರುಡೆ ಬಿರುಕು ಬಿಡುತ್ತದೆ. ಆಟೋದಲ್ಲಿ ಅರ್ಧ ಜಾಗ ಅದಕ್ಕೇ ಬೇಕು. ರೈಲಿನಲ್ಲಿ ಅದನ್ನು ಬರ್ತಿನ ಮೇಲೆ ಮಲಗಿಸಿ, ತಾವು ಕೆಳಗೆ ಕೂತು ಊರು ತಲುಪಿದ ವಿದ್ವಾಂಸರನ್ನು ನೋಡಿದ್ದೇನೆ. ಮಳೆಗಾಲದಲ್ಲಿ ಬಿರಡೆ ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ ಮೀಟಲು ಒಬ್ಬರು ಬೇಕು. ಕಚೇರಿಯಲ್ಲಾದರೆ ಶಿಷ್ಯರೊಬ್ಬರು ಹಿಂದೆ ಕೂರುತ್ತಾರೆ. ಮನೆಯ ಸಾಧಕಕ್ಕೆ ಯಾರು ಸಿಗುತ್ತಾರೆ? ಹಾಡುವವರು ಹೇಗೋ ತಾವೇ ಮೀಟಿಕೊಂಡಾರು. ಪಿಟೀಲು, ಕೊಳಲು ಕಲಿಯುವವರ ಎರಡು ಕೈಗೂ ಕೆಲಸವಿರುತ್ತದೆ. ಅವರು ತಮ್ಮನನ್ನೋ ತಂಗಿಯನ್ನೋ ಪುಸಲಾಯಿಸಿ, ತಿದಿ ಒತ್ತುವ ಶ್ರುತಿ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು ಕೂರಿಸಬೇಕಿತ್ತು.

ನಮ್ಮ ಮೇಷ್ಟ್ರ ಮನೆ ಚಾಮರಾಜಪೇಟೆಯಲ್ಲಿ. ಪಾಠ ಶುರುವಾಗುತ್ತಿದ್ದುದೇ ಶ್ರುತಿ ಸೇರಿಸುವುದರಿಂದ. ಪಂಚಮ, ಸಾರಣೆ, ಅನುಸಾರಣೆ, ಮಂದ್ರ, ಹೀಗೆ ನಾಲ್ಕು ತಂತಿ. ಮೊದಲು ಬಿರಡೆ ತಿರುಗಿಸಿ ಹತ್ತಿರ ತರಬೇಕು, ಆಮೇಲೆ ತಂತಿಗಳನ್ನು ಹೊತ್ತ ಕುದುರೆಯ ಆಚೆಗಿರುವ ಮಣಿಯನ್ನು ಮೇಲೆ ಕೆಳಗೆ ಸರಿಸಿ ಉಳಿದ ಕೂದಲೆಳೆಯ ವ್ಯತ್ಯಾಸವನ್ನು ತೆಗೆಯಬೇಕು. ಎಲ್ಲ ಸೇರಿತು ಎನ್ನುವಾಗ ಮೇಷ್ಟ್ರು ಮಂದ್ರದ ತಂತಿಯೊಂದನ್ನೇ ಮೀಟಿ, "ಗಾಂಧಾರ ಕೇಳಿಸ್ತೇನಮ್ಮ?" ಎನ್ನುತ್ತಿದ್ದರು. ಯಾರೂ ಹಾಡದ, ಯಾವ ತಂತಿಗೂ ಕಟ್ಟದ ಗಾಂಧಾರ. ಬಹಳ ಕಾಲ ನನಗದು ಕೇಳಿಸಲೇ ಇಲ್ಲ. ಕೇಳಿಸಿದ ದಿನ ಮೈ ಜುಮ್ಮೆಂದಿತು. ಷಡ್ಜದ ಒಡಲಿನಿಂದ, ಎರಡು ಸ್ಥಾಯಿ ಮೇಲೆ, ಅಂತರ ಗಾಂಧಾರ ತಾನಾಗಿ ಎದ್ದು ಬರುತ್ತಿತ್ತು. ಅದನ್ನು ಸ್ವಯಂಭೂ ಸ್ವರ ಎನ್ನುತ್ತಾರೆ. ತಂತಿ ಷಡ್ಜದ ಐದರಷ್ಟು ವೇಗದಲ್ಲೂ ಕಂಪಿಸುತ್ತಿರುವುದರಿಂದ ಅದು ಹುಟ್ಟುತ್ತದೆ. ನಾವು ಮೊಟ್ಟಮೊದಲು ಕಲಿಯುವ ಮಾಯಾಮಾಳವಗೌಳದ ಗಾಂಧಾರವೂ ಅದೇ. ಅಂದರೆ ಸರಳೆ ವರಸೆ ಹಾಡುವ ಮಗುವಿಗೆ ತನ್ನ ಗಾಂಧಾರ ಎಲ್ಲಿ ನಿಲ್ಲಬೇಕೆಂದು ತಂಬೂರಿಯೇ ಹೇಳಿಕೊಡುತ್ತಿರುತ್ತದೆ.

ಆ ಸ್ವರ ಅಷ್ಟು ಸ್ಪಷ್ಟವಾಗಿ ಕೇಳಲು ಕಾರಣ ಜೀವ, ಅಂದರೆ ತಂತಿಯ ಅಡಿಗೆ ಕೂಡಿಸುವ ದಾರ. ಹಿಂದುಸ್ತಾನಿಯವರು ಜವಾರಿ ಎನ್ನುವುದು ಇದರಿಂದ ಬರುವ ನಾದಕ್ಕೇ. ಬಳೇಪೇಟೆಯಲ್ಲಿ ವಾದ್ಯ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಅದನ್ನು ಕೂಡಿಸುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಹತ್ತಿಯ ದಾರದ ತುಂಡೊಂದನ್ನು ತಂತಿಯ ಅಡಿಯಲ್ಲಿ, ಕುದುರೆಯ ಬೆನ್ನಿನ ಮೇಲೆ ತೂರಿಸಿ, ಎಡಗೈಯಲ್ಲಿ ಒಂದಿಷ್ಟು ಒಂದಿಷ್ಟೇ ಎಳೆಯುತ್ತ ಬಲಗೈಯಲ್ಲಿ ಮೀಟುತ್ತಿದ್ದರು. ದಾರ ಇನ್ನೂ ತನ್ನ ಜಾಗಕ್ಕೆ ಬರದಿದ್ದಾಗ ತಂತಿ ಮಂಕಾಗಿ ಟಪ್ಪೆನ್ನುತ್ತದೆ. ಒಂದು ಹಂತದಲ್ಲಿ ನಾದ ತಟ್ಟನೆ ಬಿಚ್ಚಿಕೊಂಡು ಝೇಂಕಾರವಾಗುತ್ತದೆ. ಇನ್ನೊಂದು ನೂಲು ಎಳೆದರೆ ಮತ್ತೆ ಮಂಕು. ಅವರು ಮಾತಾಡುತ್ತಿರಲಿಲ್ಲ, ಕಣ್ಣು ಮುಚ್ಚಿ ನಾಲ್ಕೂ ತಂತಿಗೆ ಜೀವ ಕೂಡಿಸಿ, "ಈಗ ನೋಡ್ಕೊಳ್ಳಿ ಮೇಷ್ಟ್ರೇ" ಎಂದು ವಾದ್ಯವನ್ನು ಆಚೆ ದಾಟಿಸುತ್ತಿದ್ದರು.

ಈ ದಾರದ ಮಹಿಮೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ಸಿ. ವಿ. ರಾಮನ್. ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲೇ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ವೀಣೆ ಮತ್ತು ತಂಬೂರಿಯ ಕುದುರೆಯ ಬಗ್ಗೆ ಅವರೊಂದು ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದು ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲೇಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ್ದ ನಿಯಮ. ನಮ್ಮ ವಾದ್ಯಗಳಲ್ಲಿ ಅವೂ ಜೋರಾಗಿ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಕುದುರೆಯ ಬೆನ್ನು ಬಾಗಿರುವುದರಿಂದ ಕಂಪಿಸುವ ತಂತಿ ಅದರ ಮೇಲೆ ತಾಗುತ್ತ ಬಿಡುತ್ತ ಇರುತ್ತದೆ, ಉಪಸ್ವರಗಳು ಅಲ್ಲಿ ಹುಟ್ಟುತ್ತವೆ. ಇದನ್ನು ಓದಿದ ಮೇಲೆ ಆ ಹಿರಿಯರ ಎಡಗೈಯ ಮೇಲೆ ನನಗಿದ್ದ ಗೌರವ ಇಮ್ಮಡಿಯಾಯಿತು.

ಇಲೆಕ್ಟ್ರಾನಿಕ್ ತಂಬೂರಿಯ ಊರು ನಮ್ಮ ಬೆಂಗಳೂರೇ ಎಂಬುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ಹೊರತಂದು, ರ‍್ಯಾಡೆಲ್ ಸಂಸ್ಥೆಯನ್ನು ಕಟ್ಟಿದರು. ಸಾರಂಗ್, ತಾಳಮಾಲಾ ಎಂಬ ಹೆಸರುಗಳು ಆಮೇಲೆ ಸಂಗೀತದವರ ಮನೆಮಾತಾದವು. ಕೊಳಲು ನುಡಿಸುವವರೇ ಇದನ್ನು ಮಾಡಿದ್ದು ಸಹಜವಾಗಿತ್ತು. ಶ್ರುತಿಗೆ ಜನ ಸಿಗದ ಪಾಡನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪೆಟ್ಟಿಗೆ ನಮ್ಮ ಮನೆಗೆ ಬಂದಾಗ ನನಗಾದ ಸಂತೋಷ ಇಂದಿಗೂ ಹಾಗೇ ಇದೆ. ಗುಂಡಿ ತಿರುಗಿಸಿದರೆ ಐದೂವರೆ ಮನೆ ಶ್ರುತಿ, ಇನ್ನೊಂದು ಗುಂಡಿಗೆ ಮೀಟಿನ ವೇಗ, ಪಂಚಮ ಬೇಡದ ರಾಗಕ್ಕೆ ಮಧ್ಯಮ. ಬೆಳಗಿನ ಜಾವ ಯಾರನ್ನೂ ಎಬ್ಬಿಸದೆ, ಯಾರ ಹಂಗೂ ಇಲ್ಲದೆ ಸಾಧಕ ಮಾಡಬಹುದಾಯಿತು. ನನ್ನ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಹಾಡು ಬಿಡದೆ ಉಳಿಸಿಕೊಂಡಿದ್ದರೆ ಅದರಲ್ಲಿ ಆ ಪುಟ್ಟ ಪೆಟ್ಟಿಗೆಯ ಪಾಲು ದೊಡ್ಡದು. ನಾದದಲ್ಲಿ ಅದು ತಂಬೂರಿಗೆ ಸಮನಾಗಿರಲಿಲ್ಲ, ನಿಜ. ಕರೆಂಟು ಹೋದರೆ ಮೌನ. ಆಗ ಮೂಲೆಯ ತಂಬೂರಿಯ ಗವಸು ಬಿಚ್ಚುತ್ತಿದ್ದೆವು. ಬರಬರುತ್ತ ಗವಸು ಬಿಚ್ಚುವುದೂ ನಿಂತಿತು.

ಮುಂದಿನದು ಬೇಗ ಬೇಗ ನಡೆಯಿತು. ಚಿಪ್ ಅಗ್ಗವಾದಂತೆ, ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಮರಳಿ ನುಡಿಸುವ ಪೆಟ್ಟಿಗೆಗಳು ಬಂದವು. ಸ್ಮಾರ್ಟ್‌ಫೋನ್ ಬಂದ ಮೇಲೆ ಪೆಟ್ಟಿಗೆಯೂ ಬೇಡವಾಯಿತು. ಐತಬ್ಲಾ ಪ್ರೊದಂಥ ಆ್ಯಪ್‌ಗಳಲ್ಲಿ ತಂಬೂರಿ, ತಬಲಾ, ಸ್ವರಮಂಡಲ ಎಲ್ಲ ಒಟ್ಟಿಗೆ ಜೇಬಿನಲ್ಲೇ ಇವೆ. 2020ರ ಲಾಕ್‌ಡೌನಿನಲ್ಲಿ ಪಾಠ ನಿಲ್ಲದೆ ನಡೆದಿದ್ದು ಇವುಗಳಿಂದಲೇ. ಇಂಟರ್ನೆಟ್‌ನಲ್ಲಿ ದನಿ ಒಂದಿಷ್ಟು ತಡವಾಗಿ ತಲುಪುವುದರಿಂದ ಗುರು ಶಿಷ್ಯರು ಜೊತೆಯಾಗಿ ಹಾಡಲಾಗುವುದಿಲ್ಲ. ಆದರೆ ನಾನಿಲ್ಲಿ ಬಸವನಗುಡಿಯಲ್ಲಿ, ಅಮೆರಿಕದ ಹುಡುಗಿ ಅಲ್ಲಿ ತನ್ನ ಕೋಣೆಯಲ್ಲಿ, ಇಬ್ಬರೂ ಒಂದೇ ಶ್ರುತಿಯನ್ನು ಫೋನಿನಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ಹೇಳಿಕೊಟ್ಟು ಹೇಳಿಸಿಕೊಳ್ಳಬಹುದು. ನಮ್ಮ ಮೇಷ್ಟ್ರು ಇದನ್ನು ನೋಡಿದ್ದರೆ ಖಂಡಿತ ಮೆಚ್ಚುತ್ತಿದ್ದರು.

ಈಗಿನ ಆ್ಯಪ್‌ಗಳು ನುಡಿಸುವುದಷ್ಟೇ ಅಲ್ಲ, ಕೇಳುತ್ತವೆ ಕೂಡ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಶಾವಿಯೆರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಿಂದ ನಡೆದ ಕಾಂಪ್‌ಮ್ಯೂಸಿಕ್ ಸಂಶೋಧನೆ, ನಮ್ಮ ಎರಡೂ ಪದ್ಧತಿಗಳ ಸಂಗೀತವನ್ನು ಅದರದೇ ಲೆಕ್ಕದಲ್ಲಿ ಕಂಪ್ಯೂಟರಿಗೆ ತಿಳಿಸುವ ಪ್ರಯತ್ನ ಮಾಡಿತು. ನನಗೆ ಅಂಥ ಕೆಲಸದ ಮೇಲೆ ಭರವಸೆ ಇದೆ. ಏಕೆಂದರೆ ಆ ಲೆಕ್ಕ ಇಲ್ಲದ ಯಂತ್ರ ಏನು ಮಾಡುತ್ತದೆಂದು ನನ್ನ ಪಾಠದಲ್ಲೇ ನೋಡಿದೆ.

ಶಿಷ್ಯೆಯೊಬ್ಬಳು ಗಿಟಾರಿಗೆ ಬಳಸುವ ಟ್ಯೂನರ್ ಆ್ಯಪ್ ತೆರೆದಿಟ್ಟುಕೊಂಡು ಸರಳೆ ಹಾಡುತ್ತಿದ್ದಳು. ಗಾಂಧಾರಕ್ಕೆ ಬಂದು ನಿಂತಾಗ ಅದು ತಂಬೂರಿಯಲ್ಲಿ ಕರಗಿಹೋಗಿತ್ತು. ಕೇಳಲು ಅಷ್ಟು ಸೊಗಸಾಗಿತ್ತು. ಆದರೆ ಪರದೆಯ ಮುಳ್ಳು ಕೆಳಗಿಳಿದು ತಪ್ಪೆಂದಿತು. ಮಗು ಗಾಬರಿಯಾಗಿ ಸ್ವರವನ್ನು ಮೇಲಕ್ಕೆ ಎಳೆಯಿತು. ಮುಳ್ಳು ಸರಿಯಾಯಿತು, ಗಾಂಧಾರ ಕೆಟ್ಟಿತು. ಕೀಬೋರ್ಡಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಸ್ಥಾಯಿಯನ್ನು 1200 ಸೆಂಟ್ ಎಂದು ಹಿಡಿದರೆ ಅಲ್ಲಿ ಗಾಂಧಾರ 400ಕ್ಕೆ ಬರುತ್ತದೆ. ತಂಬೂರಿಯೊಳಗಿಂದ ಹುಟ್ಟುವ ಗಾಂಧಾರ ನಿಲ್ಲುವುದು ಸುಮಾರು 386ಕ್ಕೆ. ಈ 14 ಸೆಂಟ್ ವ್ಯತ್ಯಾಸವೇ ಮುಳ್ಳಿನ ತಕರಾರು. "ಫೋನ್ ಆ ಕಡೆ ಮಗುಚಿಡಮ್ಮ, ತಂಬೂರಿ ತಗೊಂಡು ನೀನೇ ಸೇರಿಸು" ಎಂದೆ. ಬಿರಡೆ ತಿರುಗಿಸುವುದು ಯಾವ ಕಡೆಗೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅದು ಅವಳ ತಪ್ಪಲ್ಲ, ಅವಳ ಕೈಗೆ ಯಾರೂ ತಂಬೂರಿ ಕೊಟ್ಟೇ ಇರಲಿಲ್ಲ.

ಕೆಲವು ವಾರ ಹಿಡಿಯಿತು. ಮೊದಲು ಪಂಚಮ ಅವಳ ಹಿಡಿತಕ್ಕೆ ಬಂತು, ಆಮೇಲೆ ಎರಡು ಸಾರಣೆಗಳ ನಡುವಿನ ಅಲೆ ನಿಲ್ಲುವುದನ್ನು ಗುರುತಿಸಿದಳು. ಆಮೇಲೊಂದು ಸಂಜೆ ಮಂದ್ರದ ತಂತಿ ಮೀಟಿ ಸುಮ್ಮನೆ ನನ್ನ ಮುಖ ನೋಡಿದಳು. ಅಂದಿನಿಂದ ಅವಳ ಗಾಂಧಾರ ಅಲುಗಿಲ್ಲ. ಫೋನಿನ ಶ್ರುತಿ ಇಟ್ಟುಕೊಂಡು ಹಾಡಿದರೂ ಅಲುಗುವುದಿಲ್ಲ.

ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಳ್ಳೆಯದಾಯಿತು. ಮಾನ್ಯತೆಯ ಜೊತೆಗೆ ಕೊಳ್ಳುವವರೂ ಬೇಕು, ಜೀವ ಕೂಡಿಸುವ ಕೈಗಳೂ ಬೇಕು. ಸಂಗೀತ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪೆಟ್ಟಿಗೆ ಇರಲಿ, ಆ್ಯಪ್ ಇರಲಿ, ಪಾಠದ ಕೋಣೆಯಲ್ಲಿ ಒಂದು ತಂಬೂರಿಯನ್ನೂ ಇಟ್ಟುಕೊಳ್ಳಿ. ವಾರಕ್ಕೊಮ್ಮೆಯಾದರೂ ಅದನ್ನು ಶ್ರುತಿ ಮಾಡುವ ಕೆಲಸವನ್ನು ಮಕ್ಕಳಿಗೇ ಬಿಡಿ. ತಂತಿ ಹರಿದರೆ ಹರಿಯಲಿ, ಬಳೇಪೇಟೆಯಲ್ಲಿ ತಂತಿ ಇನ್ನೂ ಸಿಗುತ್ತದೆ.